ಬದಲಾವಣೆಯ ತತ್ತ್ವಜ್ಞಾನಿ ಅಲ್ಲಾಮ ಇಕ್ಬಾಲ್



ಅಲ್ಲಾಮ ಮುಹಮ್ಮದ್ ಇಕ್ಬಾಲರ ಹೆಸರು ನಿಮಗೆ ಹೊಸದಲ್ಲ. ಉರ್ದು ಶಾಲೆಯಲ್ಲಿ ಓದಿದವರು ಬೆಳಗಿನ ಪ್ರಾರ್ಥನೆಯಲ್ಲಿ ಅವರ 'ಬಚ್ಚೇ ಕೀ ದುಆ' ಹಾಡಿದ್ದೀರಿ. ಕನ್ನಡ ಶಾಲೆಯಲ್ಲಿ ಓದಿದವರು ರಾಷ್ಟ್ರೀಯ ಹಬ್ಬಗಳಂದು ಅವರ 'ತರಾನ-ಎ-ಹಿಂದಿ' ಕೇಳಿದ್ದೀರಿ. ಆದರೆ ಈ ಕವಿಗೆ ಡಾಕ್ಟರೇಟ್ ದೊರೆತದ್ದು ತತ್ತ್ವಶಾಸ್ತ್ರದಲ್ಲಿ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ನನಗೂ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆಯೇ ತಿಳಿಯಿತು.

ಅದಕ್ಕೊಂದು ಕಾರಣವಿದೆ. ನನ್ನ ಹತ್ತನೇ ತರಗತಿಯ ಒಬ್ಬ ಹುಡುಗ ಗಣಿತದಲ್ಲಿ ಫೇಲಾಗಿ ಶಿವಾಜಿನಗರದ ಒಂದು ಗ್ಯಾರೇಜು ಸೇರಿದ. ಮತ್ತೆ ಪರೀಕ್ಷೆ ಕಟ್ಟು ಎಂದು ಹೇಳಲು ಹೋದೆ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ, ತನ್ನ ತಕ್ದೀರಿನಲ್ಲಿ ಇದನ್ನೇ ಬರೆದಿದೆ ಎಂದುಬಿಟ್ಟ. ಆ ಮಾತಿನ ಮುಂದೆ ನನ್ನ ಬಾಯಿ ಕಟ್ಟಿಹೋಯಿತು. ಬರೆದದ್ದು ಬರೆದಾಗಿದ್ದರೆ ಟೀಚರ್ ಏಕೆ, ಶಾಲೆ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಇಕ್ಬಾಲರ ಕಾವ್ಯದಿಂದ ಅವರ ಗದ್ಯಕ್ಕೆ ಬಂದೆ.

ಇಕ್ಬಾಲರು 1877ರ ನವೆಂಬರ್ 9ರಂದು ಪಂಜಾಬಿನ ಸಿಯಾಲ್‌ಕೋಟಿನಲ್ಲಿ ಜನಿಸಿದರು. ತಂದೆ ಶೇಖ್ ನೂರ್ ಮುಹಮ್ಮದರದು ಹೊಲಿಗೆಯ ಕಸುಬು. ಶಾಲೆ ಕಂಡವರಲ್ಲ, ಆದರೆ ದೈವಭಕ್ತರು. ಅರಬ್ಬಿ, ಫಾರಸಿಗಳ ರುಚಿ ಹತ್ತಿಸಿದವರು ಗುರು ಸಯ್ಯದ್ ಮೀರ್ ಹಸನ್. ಮುಂದೆ ಬ್ರಿಟಿಷ್ ಸರಕಾರ ಇಕ್ಬಾಲರಿಗೆ 'ಸರ್' ಪದವಿ ಕೊಡಲು ಮುಂದಾದಾಗ, ಮೊದಲು ತನ್ನ ಗುರುವಿಗೆ ಬಿರುದು ಸಲ್ಲಲಿ ಎಂದು ಕೇಳಿ, ಮೀರ್ ಹಸನರಿಗೆ 'ಶಂಸುಲ್ ಉಲೇಮಾ' ಬಿರುದನ್ನು ಕೊಡಿಸಿದರು. ಶಿಕ್ಷಕರಾದ ನಮಗೆ ಇದಕ್ಕಿಂತ ಹೆಮ್ಮೆಯ ಸಂಗತಿ ಬೇರೆ ಬೇಕೇ?

ಲಾಹೋರಿನ ಸರಕಾರಿ ಕಾಲೇಜಿನಲ್ಲಿ ಅವರು 1899ರಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿದರು. ಅಲ್ಲಿ ಪ್ರೊಫೆಸರ್ ಥಾಮಸ್ ಆರ್ನಾಲ್ಡರು ಈ ಶಿಷ್ಯನಿಗೆ ಪಾಶ್ಚಾತ್ಯ ಚಿಂತನೆಯ ಬಾಗಿಲು ತೆರೆದರು. 1905ರಲ್ಲಿ, ಅಣ್ಣ ಅತಾ ಮುಹಮ್ಮದರ ನೆರವಿನಿಂದ, ಇಕ್ಬಾಲರು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ಹೊರಟರು. ಮನೆಯಲ್ಲೊಬ್ಬರು ದುಡಿದು ಇನ್ನೊಬ್ಬರನ್ನು ಓದಿಸುವ ಕಥೆ ನಮ್ಮ ಬೀದಿಗಳಿಗೂ ಹೊಸದಲ್ಲ.

ಕೇಂಬ್ರಿಜಿನಲ್ಲಿ ಅವರಿಗೆ ಎದುರಾದ ಪ್ರಶ್ನೆ ಬಹಳ ಹಳೆಯದು: ಬದಲಾವಣೆ ಎಂಬುದು ನಿಜವೇ? ಕ್ರಿ.ಪೂ. 500ರ ಸುಮಾರಿಗೆ, ಈಗಿನ ತುರ್ಕಿ ದೇಶದಲ್ಲಿರುವ ಎಫೆಸಸ್ ಪಟ್ಟಣದ ಹೆರಾಕ್ಲಿಟಸ್, ಲೋಕವೆಲ್ಲ ಹರಿಯುವ ನದಿಯಂತೆ ಎಂದು ಕಲಿಸಿದ. ಇಟಲಿಯ ದಕ್ಷಿಣ ಭಾಗದ ಪಾರ್ಮೆನಿಡೀಸ್ ಇದಕ್ಕೆ ತದ್ವಿರುದ್ಧ: ಇರುವುದು ಇದ್ದೇ ಇರುತ್ತದೆ, ಬದಲಾವಣೆ ಬರಿಯ ಭ್ರಮೆ ಎಂಬುದು ಅವನ ವಾದ. ಅವನ ಶಿಷ್ಯ ಜೀನೋ ಹಾರುವ ಬಾಣದ ಉದಾಹರಣೆ ಕೊಟ್ಟ. ನಮಗೆ ಬಾಣ ಬೇಡ, ಮೆಟ್ರೋ ಸಾಕು. ಹಲಸೂರಿನಿಂದ ಇಂದಿರಾನಗರಕ್ಕೆ ಓಡುವ ರೈಲನ್ನು ಮೊಬೈಲಿನಲ್ಲಿ ಒಂದರ ಹಿಂದೊಂದು ಫೋಟೋ ತೆಗೆಯಿರಿ. ಪ್ರತಿಯೊಂದು ಫೋಟೋದಲ್ಲೂ ರೈಲು ನಿಂತೇ ಇರುತ್ತದೆ. ನಿಂತ ಕ್ಷಣಗಳನ್ನು ಎಷ್ಟು ಕೂಡಿಸಿದರೂ ಓಟ ಎಲ್ಲಿಂದ ಹುಟ್ಟೀತು? ಆದ್ದರಿಂದ ಚಲನೆಯೇ ಸುಳ್ಳು ಎಂದ ಜೀನೋ. ನಂತರ ಬಂದ ಅರಿಸ್ಟಾಟಲ್ ನಡುದಾರಿ ಹಿಡಿದ. ಹುಣಸೆ ಬೀಜದಲ್ಲಿ ಮರವಾಗುವ ಶಕ್ತಿ ಅಡಗಿದೆ. ಆ ಶಕ್ತಿ ಕಾರ್ಯರೂಪಕ್ಕೆ ಬರುವುದೇ ಬದಲಾವಣೆ ಎಂದು ವಿವರಿಸಿದ. ಅರಿಸ್ಟಾಟಲನ ಗ್ರಂಥಗಳು ಅರಬ್ಬಿಗೆ ಅನುವಾದವಾಗಿ ಇಬ್ನ್ ಸೀನಾ, ಇಬ್ನ್ ರುಶ್ದ್ ಮೊದಲಾದವರ ಕೈಗೆ ಬಂದವು. ಅವರ ವ್ಯಾಖ್ಯಾನಗಳು ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನ ವಿಶ್ವವಿದ್ಯಾನಿಲಯಗಳನ್ನು ಬೆಳೆಸಿದವು.

ಇಕ್ಬಾಲರ ಕೇಂಬ್ರಿಜ್ ಗುರುಗಳಲ್ಲಿ ಒಬ್ಬರಾದ ಮ್ಯಾಕ್‌ಟ್ಯಾಗರ್ಟ್ ಪಾರ್ಮೆನಿಡೀಸನ ಪಕ್ಷದವರೆನ್ನಬಹುದು. ಕಾಲವೇ ನಿಜವಲ್ಲ ಎಂದು ಅವರು 1908ರಲ್ಲಿ ಬರೆದ ಲೇಖನ ಇಂದಿಗೂ ಚರ್ಚೆಯಲ್ಲಿದೆ. ಅವರ ವಾದದ ತಿರುಳು ಇಷ್ಟು: ಒಂದೇ ಘಟನೆ ಮೊದಲು ಭವಿಷ್ಯ, ಆಮೇಲೆ ವರ್ತಮಾನ, ಕೊನೆಗೆ ಭೂತ ಎನಿಸಿಕೊಳ್ಳುತ್ತದೆ, ಒಂದಕ್ಕೊಂದು ಹೊಂದದ ಈ ಮೂರು ಗುಣ ಒಂದೇ ವಸ್ತುವಿಗೆ ಸೇರಲಾರವು, ಆದ್ದರಿಂದ ಕಾಲ ಎಂಬುದೇ ಇಲ್ಲ. ಕಾಲವಿಲ್ಲದಿದ್ದರೆ ಬದಲಾವಣೆಯೂ ಇಲ್ಲ.

ಇಕ್ಬಾಲರು ಗುರುವನ್ನು ಕೊನೆಯವರೆಗೂ ಗೌರವಿಸಿದರು, ಆದರೆ ಈ ವಾದವನ್ನು ಒಪ್ಪಲಿಲ್ಲ. ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾನಿಲಯದಿಂದ, ಪರ್ಷಿಯಾದ ತತ್ತ್ವಚಿಂತನೆಯ ಬೆಳವಣಿಗೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದು, ಬ್ಯಾರಿಸ್ಟರ್ ಪರೀಕ್ಷೆಯನ್ನೂ ಮುಗಿಸಿ 1908ರಲ್ಲಿ ಲಾಹೋರಿಗೆ ಮರಳಿದರು. ವಕೀಲಿಯ ಜೊತೆಗೆ ಓದು, ಬರಹ ಮುಂದುವರಿದವು. 1915ರಲ್ಲಿ ಫಾರಸಿ ಕಾವ್ಯ 'ಅಸ್ರಾರ್-ಎ-ಖುದಿ' ಹೊರಬಂತು. ಗುರುವಿಗೆ ತತ್ತ್ವಶಾಸ್ತ್ರದ ಪೂರ್ಣ ಉತ್ತರ ಸಿದ್ಧವಾಗಲು ಇಪ್ಪತ್ತು ವರ್ಷ ಬೇಕಾಯಿತು.

ಆ ಉತ್ತರ ಹೊರಬಿದ್ದದ್ದು ನಮ್ಮ ದಕ್ಷಿಣ ಭಾರತದಲ್ಲಿ. 1929ರ ಜನವರಿ ಮೊದಲ ವಾರ ಅವರು ಮದ್ರಾಸಿನಲ್ಲಿ ಇಂಗ್ಲಿಷಿನಲ್ಲಿ ಮೂರು ಉಪನ್ಯಾಸ ಕೊಟ್ಟರು. ಅವರನ್ನು ಕರೆಸಿದ್ದು ನಮ್ಮಂಥದೇ ಒಂದು ಸಂಸ್ಥೆ, ಮದ್ರಾಸಿನ ಮುಸ್ಲಿಂ ಅಸೋಸಿಯೇಷನ್. ಅಲ್ಲಿಂದ ಜನವರಿ 9ರಂದು ರೈಲಿನಲ್ಲಿ ಬೆಂಗಳೂರಿಗೆ ಬಂದರು. ಮದ್ರಾಸಿನ ರೈಲು ಅಂದಿನಂತೆ ಇಂದೂ ಕೃಷ್ಣರಾಜಪುರ ದಾಟಿ ದಂಡು ನಿಲ್ದಾಣಕ್ಕೆ ಬರುತ್ತದೆ. ದಂಡು ಆಗ ಬ್ರಿಟಿಷರ ಆಡಳಿತದಲ್ಲಿತ್ತು; ನಮ್ಮ ಶಿವಾಜಿನಗರಕ್ಕೆ ಬ್ಲಾಕ್‌ಪಲ್ಲಿ ಎಂಬ ಹೆಸರಿತ್ತು. ಇಲ್ಲಿನ ಮುಸ್ಲಿಂ ಲೈಬ್ರರಿ ಅವರಿಗೆ ಸ್ವಾಗತ ಸಭೆ ಏರ್ಪಡಿಸಿತು. ಮೈಸೂರು ಸಂಸ್ಥಾನದ ದಿವಾನ್ ಮಿರ್ಜಾ ಇಸ್ಮಾಯಿಲರು ಆ ಸಭೆಯ ಅಧ್ಯಕ್ಷರು. ಬಳಿಕ ಇಕ್ಬಾಲರು ಮೈಸೂರಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ನೀಡಿದರು. ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಹಜರತ್ ಟಿಪ್ಪು ಸುಲ್ತಾನರ ಸಮಾಧಿಯ ಮುಂದೆ ನಿಂತರು.

ಆ ಉಪನ್ಯಾಸಗಳು ಇನ್ನು ಮೂರರೊಂದಿಗೆ ಸೇರಿ 1930ರಲ್ಲಿ ಪುಸ್ತಕವಾದವು. 1934ರ ಮುದ್ರಣದಲ್ಲಿ ಏಳನೆಯದೂ ಸೇರಿತು. ಅದರಲ್ಲಿ ಮ್ಯಾಕ್‌ಟ್ಯಾಗರ್ಟರಿಗೆ ಅವರು ಕೊಟ್ಟ ಉತ್ತರ ಸರಳವಾಗಿದೆ. ನಡೆಯದ ಘಟನೆ ಎಲ್ಲೋ ತಯಾರಾಗಿ ಕುಳಿತು ನಮ್ಮ ಕಡೆಗೆ ಬರುತ್ತಿದೆ ಎಂದು ಭಾವಿಸಿದ್ದೇ ಗುರುವಿನ ತಪ್ಪು. ಭವಿಷ್ಯವು ತೆರೆದ ಸಾಧ್ಯತೆ ಮಾತ್ರ; ನಡೆಯುವವರೆಗೆ ಅದು ಘಟನೆಯೇ ಅಲ್ಲ. ಫ್ರಾನ್ಸಿನ ಬರ್ಗ್‌ಸನ್ ಎಂಬ ತತ್ತ್ವಜ್ಞಾನಿ ಇಲ್ಲಿ ಅವರಿಗೆ ನೆರವಾದರು. ಜೀನೋನ ಒಗಟಿಗೆ ಬರ್ಗ್‌ಸನ್ ಕೊಟ್ಟ ಪರಿಹಾರವನ್ನು ನಮ್ಮ ಮೆಟ್ರೋ ಉದಾಹರಣೆಯಲ್ಲೇ ಹೇಳಬಹುದು: ಫೋಟೋಗಳು ನಾವು ತೆಗೆದವು, ಓಟ ರೈಲಿನದು, ಓಟವನ್ನು ಫೋಟೋಗಳಿಂದ ಕಟ್ಟಲಾಗದು. ಆದರೆ ಬರ್ಗ್‌ಸನ್ನರ ಹರಿವಿಗೆ ಗುರಿಯಿಲ್ಲ ಎಂಬುದು ಇಕ್ಬಾಲರ ಆಕ್ಷೇಪ. ಬದುಕು ತನ್ನ ಗುರಿಗಳನ್ನು ಬೆಳೆಯುತ್ತಲೇ ರೂಪಿಸಿಕೊಳ್ಳುತ್ತದೆ. ಸೃಷ್ಟಿ ಇನ್ನೂ ಬೆಳೆಯುತ್ತಿದೆ ಎಂದರು.

ಓದುಗರೇ, ಇಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಬಂತು. ಇಕ್ಬಾಲರ ಪ್ರಕಾರ ತಕ್ದೀರ್ ಎಂದರೆ ಹೊರಗಿನಿಂದ ನಮ್ಮ ಮೇಲೆ ಹೇರಿದ, ಮೊದಲೇ ಬರೆದಿಟ್ಟ ಪಟ್ಟಿಯಲ್ಲ. ಒಂದು ಜೀವದ ಒಳಗೆ ಅಡಗಿರುವ, ಅದು ದುಡಿದು ಹೊರತರಬಹುದಾದ ಸಾಧ್ಯತೆಗಳೇ ಅದರ ತಕ್ದೀರ್.

ಈ ತತ್ತ್ವವನ್ನು ಅವರು ಸಮಾಜಕ್ಕೂ ಅನ್ವಯಿಸಿದರು. ಪುಸ್ತಕದ ಆರನೆಯ ಉಪನ್ಯಾಸ ಇಜ್ತಿಹಾದ್ ಕುರಿತದ್ದು, ಅಂದರೆ ಧರ್ಮದ ಮೂಲತತ್ತ್ವಗಳನ್ನು ಹಿಡಿದು ಹೊಸ ಕಾಲದ ಪ್ರಶ್ನೆಗಳಿಗೆ ಸ್ವತಃ ಯೋಚಿಸಿ ಉತ್ತರ ಕಂಡುಕೊಳ್ಳುವುದು. ಸಮುದಾಯಕ್ಕೆ ಸ್ಥಿರವಾದ ಬೇರೂ ಬೇಕು, ಚಲನೆಯೂ ಬೇಕು. ಚಲನೆ ನಿಂತದ್ದರಿಂದಲೇ ನಾವು ಹಿಂದುಳಿದೆವು ಎಂಬುದು ಅವರ ಅಭಿಪ್ರಾಯ. 1924ರಲ್ಲಿ ಲಾಹೋರಿನಲ್ಲಿ ಇದೇ ವಿಷಯ ಮಾತನಾಡಿದಾಗ ಅವರು ಕಟು ಟೀಕೆ ಎದುರಿಸಬೇಕಾಯಿತು. ಆದರೂ ಯೋಚಿಸುವುದನ್ನು ಬಿಡಲಿಲ್ಲ.

ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕೆಂದಿಲ್ಲ. 1904ರಲ್ಲಿ ಹಿಂದುಸ್ತಾನದ ಗೀತೆ ಬರೆದವರು 1930ರ ಅಲಹಾಬಾದ್ ಭಾಷಣದಲ್ಲಿ ವಾಯವ್ಯ ಭಾರತದ ಮುಸ್ಲಿಂ ಬಹುಸಂಖ್ಯಾತ ಪ್ರಾಂತ್ಯಗಳನ್ನು ಸೇರಿಸಿ ಒಂದು ರಾಜ್ಯವಾಗಬೇಕೆಂದರು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಬಾಳುವ ನಮ್ಮ ದಾರಿ ಬೇರೆ. ಹೆಣ್ಣುಮಕ್ಕಳ ಆಧುನಿಕ ಶಿಕ್ಷಣದ ವಿಷಯದಲ್ಲಿ ಬದಲಾವಣೆಯ ಈ ತತ್ತ್ವಜ್ಞಾನಿಯೇ ಹಿಂಜರಿದರು. ಇದನ್ನು ಬರೆಯುತ್ತಿರುವವಳು ಒಬ್ಬ ಶಿಕ್ಷಕಿ. ಅವರು ಹಿಂಜರಿದ ಕಡೆ ನಾವು ಮುಂದೆ ಹೋಗಿದ್ದೇವೆ. ಸ್ವತಃ ಯೋಚಿಸಿ ಎಂದವರನ್ನು ಹೀಗೆ ಪರೀಕ್ಷಿಸುವುದು ಅಗೌರವವಲ್ಲ.

1932ರಲ್ಲಿ ಪ್ರಕಟವಾದ 'ಜಾವೀದ್ ನಾಮಾ' ಕಾವ್ಯದಲ್ಲಿ ಇಕ್ಬಾಲರು ಸ್ವರ್ಗದಲ್ಲಿ ಟಿಪ್ಪು ಸುಲ್ತಾನರನ್ನು ಕಾಣುತ್ತಾರೆ. ಸುಲ್ತಾನರು ಅವರ ಮೂಲಕ ಕಾವೇರಿ ನದಿಗೆ ಸಂದೇಶ ಕಳಿಸುತ್ತಾರೆ. ಬದುಕೆಂದರೆ ಕ್ಷಣಕ್ಷಣವೂ ಹೊಸದಾಗುವುದು ಎಂಬುದು ಅದರ ಭಾವ. ಹೆರಾಕ್ಲಿಟಸನ ಹೆಸರಿಲ್ಲದ ನದಿ ಎರಡೂವರೆ ಸಾವಿರ ವರ್ಷಗಳ ಮೇಲೆ ಹೀಗೆ ನಮ್ಮ ಕಾವೇರಿಯಾಯಿತು. ಈಗ ಬೆಂಗಳೂರಿನ ಎಷ್ಟೋ ಮನೆಗಳ ನಲ್ಲಿಯಲ್ಲಿ ಬರುವುದೂ ಅದೇ ಕಾವೇರಿ.

1938ರ ಏಪ್ರಿಲ್ 21ರಂದು ಇಕ್ಬಾಲರು ಲಾಹೋರಿನಲ್ಲಿ ನಿಧನರಾದರು. ಬಾದಶಾಹಿ ಮಸೀದಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.

ಇದನ್ನೆಲ್ಲ ಓದಿದ ಮೇಲೆ ಮತ್ತೊಮ್ಮೆ ಆ ಗ್ಯಾರೇಜಿಗೆ ಹೋದೆ. ಹೆರಾಕ್ಲಿಟಸ್, ಬರ್ಗ್‌ಸನ್ ಯಾರ ಹೆಸರನ್ನೂ ಎತ್ತಲಿಲ್ಲ. ತಕ್ದೀರಿನ ಬಗ್ಗೆ ಇಕ್ಬಾಲರು ಹೇಳಿದ್ದನ್ನಷ್ಟೇ ಹೇಳಿದೆ. ಹುಡುಗ ಸುಮ್ಮನೆ ಕೇಳಿದ. ಹೊರಡುವಾಗ, ಪರೀಕ್ಷೆಯ ಫೀಸು ಕಟ್ಟಲು ಕೊನೆಯ ದಿನ ಯಾವುದೆಂದು ವಿಚಾರಿಸಿದ. ಕಟ್ಟುತ್ತಾನೋ ಇಲ್ಲವೋ ನನಗಿನ್ನೂ ತಿಳಿಯದು. ನಿಮ್ಮ ಗೆಳೆಯರಲ್ಲಿ ಅಂಥವರು ಇದ್ದರೆ, ದಯವಿಟ್ಟು ನೀವೂ ಒಮ್ಮೆ ಹೋಗಿ ಹೇಳಿ.