ಬೆಂಗಳೂರು ಉಳಿಸಿಕೊಳ್ಳದ ಮ್ಯಾಕ್ಸ್ ಬಾರ್ನ್

ಹನಕೆರೆಯಿಂದ ಮಂಡ್ಯಕ್ಕೆ ಬಸ್ ಹತ್ತಿ ಪಿಯುಸಿ ಸೈನ್ಸ್ ಓದೋಕೆ ಹೋಗುವ ಯಾವ ಹುಡುಗಿಯ ಕೆಮಿಸ್ಟ್ರಿ ನೋಟ್ಸ್ ತೆರೆದರೂ ಆ ಚಿತ್ರಗಳು ಇರುತ್ತವೆ: ಎಸ್ ಆರ್ಬಿಟಲ್ ಅಂದ್ರೆ ಚೆಂಡು, ಪಿ ಆರ್ಬಿಟಲ್ ಅಂದ್ರೆ ಡಂಬೆಲ್. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಆಕಾರಗಳಿಗೆ ಅರ್ಥ ಕೊಟ್ಟ ವಿಜ್ಞಾನಿ ಒಮ್ಮೆ ಬೆಂಗಳೂರಿನಲ್ಲೇ ಇದ್ದರು ಅನ್ನೋದನ್ನು ಯಾವ ನೋಟ್ಸೂ ಹೇಳಲ್ಲ.

ಮ್ಯಾಕ್ಸ್ ಬಾರ್ನ್ ಹುಟ್ಟಿದ್ದು 1882ರಲ್ಲಿ, ಬ್ರೆಸ್ಲಾವ್‌ನ ಯಹೂದಿ ಕುಟುಂಬದಲ್ಲಿ. ಆಗ ಜರ್ಮನಿಯಲ್ಲಿದ್ದ ಆ ಊರು ಈಗ ಪೋಲೆಂಡಿನಲ್ಲಿದೆ. 1921ರಿಂದ ಅವರು ಗಾಟಿಂಗನ್‌ನಲ್ಲಿ ಪ್ರೊಫೆಸರ್. 1926ರಲ್ಲಿ ಶ್ರೋಡಿಂಗರ್ ಎಲೆಕ್ಟ್ರಾನಿಗೆ ಅಲೆಯ ಸಮೀಕರಣ ಬರೆದರು. ಲೆಕ್ಕ ಕೂಡಿಬಂತು. ಆದರೆ ಅಲೆ ಯಾವುದರದ್ದು? ಅದೇ ವರ್ಷ ಬಾರ್ನ್ ಉತ್ತರ ಕೊಟ್ಟರು: ಅಲೆಯ ಬೆಲೆಯ ವರ್ಗ ತೆಗೆದರೆ, ಎಲೆಕ್ಟ್ರಾನ್ ಆ ಜಾಗದಲ್ಲಿ ಸಿಗುವ ಸಂಭವನೀಯತೆ ತಿಳಿಯುತ್ತದೆ.

ಅಂದರೆ ಡಂಬೆಲ್ ಎಲೆಕ್ಟ್ರಾನ್ ತುಂಬಿಟ್ಟ ಡಬ್ಬಿಯಲ್ಲ, ಅದು ಓಡಾಡುವ ದಾರಿಯೂ ಅಲ್ಲ. ಎಲ್ಲಿ ಸಿಗುವ ಸಾಧ್ಯತೆ ಹೆಚ್ಚು ಅನ್ನೋದರ ನಕ್ಷೆ. ಅದರ ಮೇಲಿನ ಪ್ಲಸ್, ಮೈನಸ್ ಕೂಡ ಚಾರ್ಜ್ ಅಲ್ಲ. ಅಲೆಯ ಉಬ್ಬು, ತಗ್ಗು. ಎರಡು ಪರಮಾಣು ಹತ್ತಿರ ಬಂದಾಗ ಉಬ್ಬಿಗೆ ಉಬ್ಬು ಸೇರಿದರೆ ನಡುವೆ ಎಲೆಕ್ಟ್ರಾನ್ ಸಿಗುವ ಸಂಭವ ಹೆಚ್ಚಿ ಬಂಧ ಬೆಸೆಯುತ್ತದೆ. ಉಬ್ಬಿಗೆ ತಗ್ಗು ಸೇರಿದರೆ ಕಳೆದುಹೋಗುತ್ತದೆ. 1927ರಲ್ಲಿ ಬಾರ್ನ್ ತಮ್ಮ ವಿದ್ಯಾರ್ಥಿ ಓಪನ್‌ಹೈಮರ್ ಜೊತೆ ಇನ್ನೊಂದು ದಾರಿ ತೋರಿಸಿದರು: ನ್ಯೂಕ್ಲಿಯಸ್ ಭಾರ, ನಿಧಾನ, ಅದು ನಿಂತೇ ಇದೆ ಅಂದುಕೊಂಡು ಎಲೆಕ್ಟ್ರಾನ್‌ಗಳ ಲೆಕ್ಕ ಮಾಡಿ. ಇವತ್ತು ಕಂಪ್ಯೂಟರಿನಲ್ಲಿ ಮಾಲಿಕ್ಯೂಲ್ ಲೆಕ್ಕ ಹಾಕುವವರು ಸಾಮಾನ್ಯವಾಗಿ ಶುರು ಮಾಡೋದು ಅಲ್ಲಿಂದಲೇ.

1933ರಲ್ಲಿ ನಾಜಿಗಳು ಅವರನ್ನು ಕೆಲಸದಿಂದ ತೆಗೆದರು. ಕಾರಣ ಇಷ್ಟೇ: ಯಹೂದಿ. ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. 1935ರಲ್ಲಿ ಐಐಎಸ್‌ಸಿ ನಿರ್ದೇಶಕ ಸಿ.ವಿ. ರಾಮನ್ ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. ಸುಮಾರು ಆರು ತಿಂಗಳು ಬಾರ್ನ್ ಇಲ್ಲೇ ಇದ್ದರು. ಖಾಯಂ ಪ್ರೊಫೆಸರ್ ಮಾಡಿಕೊಳ್ಳೋಣ ಅಂತ ರಾಮನ್ ಹಟ ಹಿಡಿದರು. ಆದರೆ ಸಂಸ್ಥೆಯ ಸಭೆಯಲ್ಲಿ ಇಂಗ್ಲಿಷ್ ಪ್ರೊಫೆಸರೊಬ್ಬರು ಎದ್ದುನಿಂತು, ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದಲ್ಲಿ ಮಾತಾಡಿದರು. ಬಾರ್ನ್ ಅದೇ ಸಭೆಯಲ್ಲಿ ಕೂತಿದ್ದರು. ಆ ಪೆಟ್ಟನ್ನು ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಖಾಯಂ ಹುದ್ದೆ ಸಿಗಲಿಲ್ಲ.

1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಪ್ರೊಫೆಸರ್ ಮಾಡಿಕೊಂಡಿತು. ಬಾಂಬ್ ತಯಾರಿಯ ಕೆಲಸಕ್ಕೆ ಅವರು ಕೈಹಾಕಲಿಲ್ಲ. 1954ರಲ್ಲಿ ನೊಬೆಲ್ ಬಂತು, ಮುಖ್ಯವಾಗಿ 28 ವರ್ಷ ಹಿಂದಿನ ಅದೇ ಸಂಭವನೀಯತೆಯ ವಿವರಣೆಗೆ. ಮರುವರ್ಷ ಅಣ್ವಸ್ತ್ರಗಳ ಅಪಾಯ ಎಚ್ಚರಿಸಿದ ರಸೆಲ್–ಐನ್‌ಸ್ಟೈನ್ ಹೇಳಿಕೆಗೆ ಸಹಿ ಹಾಕಿದರು. 1970ರಲ್ಲಿ ತೀರಿಕೊಂಡರು.

ಹಿಟ್ಲರನ ಸರ್ಕಾರ ಅವರನ್ನು ಹೊರಹಾಕಿದ್ದು ಹುಟ್ಟು ನೋಡಿ. ಬೆಂಗಳೂರಿನ ಆ ಸಭೆಯಲ್ಲಿ ಹೊರಹಾಕಿಸಿಕೊಂಡದ್ದೇ ಅನರ್ಹತೆಯಾಯಿತು. ನಿರಾಶ್ರಿತರು ಏನು ತರುತ್ತಾರೆ ಅಂತ ಇವತ್ತೂ ಕೇಳುವವರಿಗೆ ಇಷ್ಟು ಹೇಳಬಹುದು: ಒಬ್ಬರು ಪರಮಾಣುವಿನ ನಕ್ಷೆ ತಂದಿದ್ದರು, ನಾವು ಅವರ ವಿಳಾಸ ಕೇಳಿ ವಾಪಸ್ ಕಳಿಸಿದೆವು.