ಕಾವಿಯನ್ನು ಕಳಚದ ಜನನಾಯಕ: ಸ್ವಾಮಿ ರಾಮಾನಂದ ತೀರ್ಥರು

ಸಂನ್ಯಾಸಿಯಾದವನು ಲೋಕದ ಜಂಜಾಟದಿಂದ ದೂರವಿರಬೇಕೆಂಬುದು ಬಹುಜನರ ಭಾವನೆ. ಮನೆಮಾರುಗಳನ್ನೇ ಬಿಟ್ಟವನಿಗೆ ರಾಜ್ಯದ ಚಿಂತೆ ಏತಕ್ಕೆಂದು ಕೇಳುವವರೂ ಉಂಟು. ಆದರೆ ನೆರೆಮನೆಗೆ ಉರಿ ಹತ್ತಿರುವಾಗ ಕಣ್ಮುಚ್ಚಿ ಕುಳಿತವನ ಧ್ಯಾನವು ಎಂತಹ ಧ್ಯಾನವಾದೀತು? ಈ ಪ್ರಶ್ನೆಗೆ ಮಾತಿನಿಂದಲ್ಲ, ಬಾಳಿನಿಂದ ಉತ್ತರವಿತ್ತವರು ಸ್ವಾಮಿ ರಾಮಾನಂದ ತೀರ್ಥರು. ಬಸವಾದಿ ಶರಣರು ನಡೆದಾಡಿದ ಕಲ್ಯಾಣವೂ ಅವರು ಬಿಡುಗಡೆಗಾಗಿ ಹೋರಾಡಿದ ಹೈದರಾಬಾದ ಸಂಸ್ಥಾನದೊಳಗೇ ಇದ್ದಿತು. ಆದುದರಿಂದ ಅವರ ಚರಿತ್ರೆಯು ಸದ್ಭಕ್ತರಾದ ನಮಗೆ ಪರಕೀಯವಾದುದಲ್ಲ.

ಸ್ವಾಮಿಗಳು 1903ರಲ್ಲಿ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ವೆಂಕಟೇಶ ಭಗವಾನರಾವ ಖೇಡಗೀಕರ ಎಂಬುದು ಅವರ ಪೂರ್ವಾಶ್ರಮದ ಹೆಸರು. ವಿದ್ಯಾರ್ಥಿದೆಸೆಯಲ್ಲಿದ್ದಾಗಲೇ, 1920ರಲ್ಲಿ ಲೋಕಮಾನ್ಯ ತಿಲಕರು ಕಾಲವಾದ ಸುದ್ದಿ ಕೇಳಿ, ಆಜನ್ಮ ಬ್ರಹ್ಮಚಾರಿಯಾಗಿದ್ದು ದೇಶಸೇವೆ ಮಾಡುವೆನೆಂದು ಸಂಕಲ್ಪಗೈದರು. ಉಚ್ಚ ವ್ಯಾಸಂಗವು ಮುಗಿದ ಮೇಲೆ ಕಾರ್ಮಿಕರ ಮುಂದಾಳುಗಳಾದ ನಾ. ಮ. ಜೋಶಿಯವರ ಕೈಕೆಳಗೆ ದುಡಿದು, ಗಿರಣಿಯ ಕೂಲಿಕಾರರ ಕಷ್ಟಗಳನ್ನು ಹತ್ತಿರದಿಂದ ಕಂಡರು. ಅಷ್ಟರಲ್ಲಿ ಪಾರ್ಶ್ವವಾಯುವು ದೇಹವನ್ನು ಕಾಡಿತು. ಚೇತರಿಸಿಕೊಂಡವರು 1929ರಲ್ಲಿ ನಿಜಾಮರ ಸೀಮೆಯ ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ ಅಧ್ಯಾಪಕರಾಗಿ ಬಂದರು. 1930ರ ಜನವರಿಯಲ್ಲಿ ಅಲ್ಲಿಯೇ ಸಂನ್ಯಾಸದೀಕ್ಷೆ ಪಡೆದು ರಾಮಾನಂದ ತೀರ್ಥರೆನಿಸಿಕೊಂಡರು.

ದೀಕ್ಷೆಯಾದ ಮೇಲೆ ಅವರು ಗುಹೆಯನ್ನು ಅರಸಿಕೊಂಡು ಹೋಗಲಿಲ್ಲ. ಮಕ್ಕಳ ಮಧ್ಯದಲ್ಲಿಯೇ ಉಳಿದರು. ಮುಂದೆ ಅಂಬಾಜೋಗಾಯಿಯ ಯೋಗೇಶ್ವರಿ ವಿದ್ಯಾಲಯವನ್ನು ಕಟ್ಟಿ ಬೆಳೆಯಿಸಿದರು. ಆ ಕಾಲದ ಸಂಸ್ಥಾನದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಪ್ರಜೆಗಳಲ್ಲಿ ಹೆಚ್ಚಿನವರ ಮಾತು ತೆಲುಗು, ಮರಾಠಿ, ಕನ್ನಡ. ಆದರೆ ಆಡಳಿತವೂ ಉಚ್ಚ ಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಸಭೆ ಸೇರಬೇಕಾದರೆ ಸರಕಾರದ ಅಪ್ಪಣೆ ಬೇಕು. ಪ್ರಜೆಗಳಿಗೆ ಹೊಣೆಯಾದ ಸರಕಾರವೆಂಬುದಂತೂ ಕನಸಿನ ಮಾತು. ತಾವು ಅಕ್ಷರ ಕಲಿಸಿದ ಹುಡುಗನು ದೊಡ್ಡವನಾಗಿ ಬಾಯಿ ಕಟ್ಟಿಕೊಂಡು ಬಾಳಬೇಕಾದರೆ ಆ ಅಕ್ಷರದಿಂದ ಬಂದ ಫಲವೇನು? ಶಾಲೆಯಿಂದ ರಾಜಕಾರಣಕ್ಕೆ ಅವರನ್ನು ಎಳೆದುತಂದುದು ಈ ವ್ಯಥೆಯೇ.

1938ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ರೂಪುಗೊಳ್ಳುವ ಮೊದಲೇ ಅದರ ಮೇಲೆ ನಿಷೇಧ ಬಿದ್ದಿತು. ಆ ವರ್ಷದ ಅಕ್ಟೋಬರದಲ್ಲಿ ಸತ್ಯಾಗ್ರಹವು ಮೊದಲಾಯಿತು. ಸ್ವಾಮಿಗಳು ಸೆರೆಮನೆಯನ್ನು ಕಂಡರು. 1940ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕಾಗಿ ಮತ್ತೊಮ್ಮೆ, 1942ರ ಚಳವಳಿಯಲ್ಲಿ ಮಗುದೊಮ್ಮೆ ಬಂಧನಕ್ಕೊಳಗಾದರು. ಸರಕಾರವು ಕಾಂಗ್ರೆಸ್ಸಿನ ಮೇಲಣ ನಿಷೇಧವನ್ನು ತೆಗೆದುದು 1946ರಲ್ಲಿ. ಮಠದ ಏಕಾಂತದಲ್ಲಿ ಮಾಡಬೇಕಾದ ತಪಸ್ಸನ್ನು ಈ ಯತಿಯು ಕಾರಾಗೃಹದ ಗೋಡೆಗಳ ನಡುವೆ ಮಾಡಿದರೆನ್ನಬೇಕು.

1947ರ ಜೂನದಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ತಾವು ಸ್ವತಂತ್ರರಾಗಿಯೇ ಉಳಿಯುವೆವೆಂದು ಸಾರಿದರು. ಅದೇ ತಿಂಗಳಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಅಧಿವೇಶನಕ್ಕೆ ಸ್ವಾಮಿಗಳೇ ಅಧ್ಯಕ್ಷರು. ಸಂಸ್ಥಾನವು ಭಾರತದಲ್ಲಿ ಸೇರಲೇಬೇಕೆಂದು ಅವರು ಕರೆಕೊಟ್ಟರು. ಆಗಸ್ಟ್ 15ರ ಹೊತ್ತಿಗೆ ಮತ್ತೆ ಸೆರೆಯಾಳಾದರು. ನವೆಂಬರದಲ್ಲಿ ಬಿಡುಗಡೆ, 1948ರ ಜನವರಿಯಲ್ಲಿ ಪುನಃ ಬಂಧನ. ಹೊರಗೆ ರಜಾಕಾರರ ಹಾವಳಿಯಿಂದ ಹಳ್ಳಿಗಳು ತತ್ತರಿಸುತ್ತಿರಲು, ಗಡಿಯುದ್ದಕ್ಕೂ ಹೋರಾಟದ ಶಿಬಿರಗಳು ಎದ್ದವು. ಕನ್ನಡ ಸೀಮೆಯ ಮುಂಡರಗಿ ಶಿಬಿರದ ಮುಂದಾಳಾದ ಅಳವಂಡಿಯ ಶಿವಮೂರ್ತಿಸ್ವಾಮಿಗಳನ್ನು ನಮ್ಮವರು ಮರೆಯಲಾರರು. 1948ರ ಸೆಪ್ಟೆಂಬರ 13ರಂದು ಭಾರತದ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಸ್ವಾಮಿಗಳೂ ಹೊರಬಂದರು. ಆ ವಿಜಯದ ಬೆನ್ನಿಗೇ ಹಲವು ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರು ಹತರಾದುದು ಮಾತ್ರ ಎಂದೂ ಅಳಿಯದ ನೋವು.

ನಿಜವಾದ ಪರೀಕ್ಷೆಯು ಇನ್ನು ಮೇಲೆ ಬಂದಿತು. ಸೆರೆಮನೆಯು ಯತಿಯನ್ನು ಕೆಡಿಸಲಾರದು, ಅಧಿಕಾರವು ಕೆಡಿಸಬಲ್ಲದು. ಹೈದರಾಬಾದಿನ ಕಾಂಗ್ರೆಸ್ಸಿನಲ್ಲಿ ಸ್ವಾಮಿಗಳದೊಂದು, ಬೂರ್ಗುಲ ರಾಮಕೃಷ್ಣರಾಯರದೊಂದು ಎಂದು ಎರಡು ಪಕ್ಷಗಳಾದವು. ಸಂನ್ಯಾಸಿಯ ಹೆಸರಿನಲ್ಲಿಯೂ ಗುಂಪುಗಾರಿಕೆ ನಡೆಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ; ರಾಜಕಾರಣದ ಕೆಸರಿನಲ್ಲಿ ಇಳಿದವರ ಕಾಲಿಗೆ ಕೆಸರು ಸೋಕದಿರದು. ಆದರೆ 1952ರಲ್ಲಿ ಬೂರ್ಗುಲರು ಮುಖ್ಯಮಂತ್ರಿಗಳಾದಾಗ, ಹೋರಾಟದ ಮುಂದಾಳಾಗಿದ್ದ ಸ್ವಾಮಿಗಳು ಮಂತ್ರಿಪದವಿಯಲ್ಲಿರಲಿಲ್ಲ. ಆ ವರ್ಷ ಕಲಬುರ್ಗಿಯಿಂದಲೂ, 1957ರಲ್ಲಿ ಔರಂಗಾಬಾದದಿಂದಲೂ ಲೋಕಸಭೆಯ ಸದಸ್ಯರಾದುದಷ್ಟೇ.

ಇದಕ್ಕಿಂತಲೂ ದೊಡ್ಡ ತ್ಯಾಗವೊಂದಿದೆ. ಹೈದರಾಬಾದ ರಾಜ್ಯವನ್ನು ಇದ್ದಂತೆಯೇ ಉಳಿಸಬೇಕೆಂಬವರು ಅನೇಕರಿದ್ದರು. ಆ ರಾಜ್ಯವು ಉಳಿದಿದ್ದರೆ ಸ್ವಾಮಿಗಳ ಮುಂದಾಳುತನವೂ ಉಳಿಯುತ್ತಿದ್ದಿತು. ಆದರೂ ಆಯಾ ಭಾಷೆಯ ಜನರು ತಮ್ಮ ತಮ್ಮವರೊಡನೆ ಕೂಡಿಕೊಳ್ಳಬೇಕೆಂದೇ ಅವರು ವಾದಿಸಿದರು. 1956ರ ನವೆಂಬರ 1ರಂದು ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳು ಕನ್ನಡನಾಡಿಗೆ, ಮರಾಠವಾಡವು ಮುಂಬಯಿ ರಾಜ್ಯಕ್ಕೆ, ತೆಲಂಗಾಣವು ಆಂಧ್ರಕ್ಕೆ ಸೇರಿದವು. ತಾನು ನಾಯಕನಾಗಿದ್ದ ರಾಜ್ಯವೇ ಇಲ್ಲವಾಗಲೆಂದು ದುಡಿಯುವ ನಾಯಕರು ಎಷ್ಟು ಮಂದಿ? ಸಂನ್ಯಾಸವನ್ನು ಮೊದಲು ಮನೆಯಿಂದ ಸ್ವೀಕರಿಸಿದವರು, ಎರಡನೆಯ ಸಲ ಅಧಿಕಾರದಿಂದ ಸ್ವೀಕರಿಸಿದರು.

ಅವರು 1972ರ ಜನವರಿ 22ರಂದು ಹೈದರಾಬಾದದಲ್ಲಿ ದೇಹವಿಟ್ಟರು. ನಾಂದೇಡದ ವಿಶ್ವವಿದ್ಯಾಲಯವು ಇಂದು ಅವರ ಹೆಸರನ್ನು ಹೊತ್ತಿದೆ. ಪ್ರತಿ ವರ್ಷ ಸೆಪ್ಟೆಂಬರ 17ರಂದು ಕಲ್ಯಾಣ ಕರ್ನಾಟಕದಲ್ಲಿ ಬಾವುಟವೇರುವಾಗ, ಅದರ ನೆರಳಿನಲ್ಲಿ ಈ ಕಾವಿಯೂ ಇದೆಯೆಂದು ನೆನೆಯೋಣ. ಗೃಹಸ್ಥರಾದ ನಮಗೆ ಕಾವಿ ಬೇಕಿಲ್ಲ, ಸೆರೆಮನೆಯೂ ಒದಗಲಿಕ್ಕಿಲ್ಲ. ಆದರೆ ಗ್ರಾಮದ ಪಂಚಾಯತಿಯಲ್ಲಿಯೋ ಸಹಕಾರಿ ಸಂಘದಲ್ಲಿಯೋ ಹೊಣೆಯೊಂದು ನಮ್ಮ ಕೈಗೆ ಬಂದಾಗ ಅದನ್ನು ಅಂಜದೆ ಹೊರುವುದು, ಹೊತ್ತ ಮೇಲೆ ನನ್ನದೆನ್ನದೆ ಇಳಿಸುವುದು ನಮ್ಮಿಂದಲೂ ಆಗತಕ್ಕ ಸಾಧನೆ.