ಕಾರ್ಮಿಕರ ಉಸಿರು ಕಾಯ್ದ ವಿಜ್ಞಾನಿ: ಜಾನ್ ಸ್ಕಾಟ್ ಹಾಲ್ಡೇನ್

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಬಲ್ಲನು. ನೀರಿಲ್ಲದೆ ಕೆಲವು ದಿನ. ಪ್ರಾಣವಾಯುವಿಲ್ಲದೆ ಕೆಲವೇ ನಿಮಿಷ. ಹಸಿವೂ ಬಾಯಾರಿಕೆಯೂ ಮೊದಲೇ ಎಚ್ಚರಿಸುತ್ತವೆ. ಪ್ರಾಣವಾಯುವಿನ ಕೊರತೆಯಾದರೋ ಅನೇಕ ವೇಳೆ ಸದ್ದಿಲ್ಲದೆ ಬಂದು ಪ್ರಾಣವನ್ನೊಯ್ಯುತ್ತದೆ. ಈ ಮೌನಶತ್ರುವಿನ ಗುಟ್ಟನ್ನು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿ ಬಯಲಿಗೆಳೆದವರು ಜಾನ್ ಸ್ಕಾಟ್ ಹಾಲ್ಡೇನ್.

ಅವರು 1860ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. 1884ರಲ್ಲಿ ವೈದ್ಯಪದವಿ ಪಡೆದರೂ ವೈದ್ಯವೃತ್ತಿಯಲ್ಲಿ ನೆಲೆನಿಲ್ಲಲಿಲ್ಲ. ಡಂಡೀ ಪಟ್ಟಣದಲ್ಲಿ ಬಡವರು ಕಿಕ್ಕಿರಿದು ಮಲಗುವ ಕೋಣೆಗಳಿಗೆ ರಾತ್ರಿಯ ವೇಳೆ ಹೋಗಿ, ಅಲ್ಲಿಯ ಗಾಳಿಯನ್ನು ಸೀಸೆಗಳಲ್ಲಿ ಸಂಗ್ರಹಿಸಿ ಪರೀಕ್ಷಿಸಿದರು. ಮುಂದೆ ಆಕ್ಸ್‌ಫರ್ಡ್ ಅವರ ಕಾರ್ಯಕ್ಷೇತ್ರವಾಯಿತು.

ಆ ಕಾಲದಲ್ಲಿ ಕಲ್ಲಿದ್ದಲ ಗಣಿಗಳಲ್ಲಿ ಸ್ಫೋಟಗಳು ಪದೇ ಪದೇ ಸಂಭವಿಸುತ್ತಿದ್ದವು. ಸತ್ತವರೆಲ್ಲರೂ ಬೆಂಕಿಗೂ ಹೊಡೆತಕ್ಕೂ ಸಿಕ್ಕಿ ಮಡಿದರೆಂದೇ ಜನರ ಭಾವನೆ. 1896ರ ಜನವರಿಯಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಗಣಿ ಸ್ಫೋಟಗೊಂಡಾಗ ಹಾಲ್ಡೇನರು ಶವಗಳನ್ನು ಪರೀಕ್ಷಿಸಿದರು. ಬಹುಮಂದಿಯನ್ನು ಕೊಂದುದು ಸ್ಫೋಟವಲ್ಲ, ಅದರ ಬಳಿಕ ಹರಡಿದ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಎಂದು ತೋರಿಸಿಕೊಟ್ಟರು. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು, ಪ್ರಾಣವಾಯುವಿಗೆ ಅಲ್ಲಿ ಎಡೆಯಿಲ್ಲದಂತೆ ಮಾಡುತ್ತದೆ. ಅದರ ಪರಿಣಾಮವನ್ನು ಅಳೆಯಲು ಹಾಲ್ಡೇನರು ಹಿಂದೆಯೇ, ತಮ್ಮ ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ವಿಷವು ಆವರಿಸುವವರೆಗೂ ಅದನ್ನು ಸೇವಿಸಿದ್ದರು! ಮುಚ್ಚಿದ ಕೋಣೆಯಲ್ಲಿ ಇದ್ದಲ ಸಿಗಡಿ ಉರಿಸಿ ಮಲಗಿದವರು ಬೆಳಿಗ್ಗೆ ಏಳದಿರುವುದಕ್ಕೂ ಇದೇ ಅನಿಲ ಕಾರಣ.

ಸಣ್ಣ ಪ್ರಾಣಿಗಳಿಗೆ ಈ ವಿಷ ಬಹುಬೇಗ ತಗಲುವುದೆಂದು ಕಂಡ ಅವರು, ಗಣಿಗಳಲ್ಲಿ ಇಲಿಮರಿಯನ್ನೋ ಕ್ಯಾನರಿ ಹಕ್ಕಿಯನ್ನೋ ಜೊತೆಗೊಯ್ಯುವಂತೆ ಸಲಹೆಯಿತ್ತರು. ಹಕ್ಕಿ ಕೋಲಿನಿಂದ ಬಿದ್ದರೆ ಮನುಷ್ಯನು ಓಡಿ ಪಾರಾಗಲು ಕಾಲಾವಕಾಶ ಉಳಿಯುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ ಈ ಪದ್ಧತಿ 1986ರವರೆಗೂ ನಡೆದುಬಂದಿತು.

ಕೊರತೆಯು ಏಕೆ ಎಚ್ಚರಿಸುವುದಿಲ್ಲ? 1905ರಲ್ಲಿ ಹಾಲ್ಡೇನರೂ ಅವರ ಸಹೋದ್ಯೋಗಿ ಪ್ರೀಸ್ಟ್ಲಿಯವರೂ ಇದಕ್ಕೆ ಉತ್ತರ ನೀಡಿದರು. ಉಸಿರಾಟವನ್ನು ಮುಖ್ಯವಾಗಿ ನಿಯಂತ್ರಿಸುವುದು ದೇಹದಲ್ಲಿ ಸೇರುವ ಇಂಗಾಲಾಮ್ಲ ಅನಿಲ. ಅದು ಹೆಚ್ಚಿದರೆ ಏದುಸಿರು ಬರುತ್ತದೆ. ಪ್ರಾಣವಾಯು ಮಾತ್ರ ಕಡಿಮೆಯಾದರೆ ಅಷ್ಟು ಸುಲಭವಾಗಿ ತಿಳಿಯದು.

ಆದರೆ ಕೊರತೆ ಮಿತವಾಗಿದ್ದು, ಕಾಲಾವಕಾಶ ದೊರೆತರೆ ದೇಹವು ಹೊಂದಿಕೊಳ್ಳಬಲ್ಲದು. ಇದನ್ನರಿಯಲು 1911ರಲ್ಲಿ ಹಾಲ್ಡೇನರು ಮೂವರು ಸಂಗಡಿಗರೊಡನೆ ಅಮೆರಿಕದ ಪೈಕ್ಸ್ ಶಿಖರದಲ್ಲಿ, 14,000 ಅಡಿಗೂ ಮೇಲೆ, ಐದು ವಾರ ನೆಲೆಸಿದರು. ಅಲ್ಲಿ ಪ್ರತಿ ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಐದರಲ್ಲಿ ಮೂರು ಪಾಲು. ಮೊದಲು ತುಟಿ ನೀಲಿಗಟ್ಟಿತು, ತಲೆನೋವು, ಓಕರಿಕೆ ಕಾಡಿದವು. ಕೆಲವು ದಿನಗಳಲ್ಲಿ ಉಸಿರು ಆಳವಾಗಿ ಬಾಧೆ ತಗ್ಗಿತು. ವಾರಗಳುರುಳಿದಂತೆ ರಕ್ತದ ಹಿಮೋಗ್ಲೋಬಿನ್ ಹೆಚ್ಚಿತು. ಶ್ವಾಸಕೋಶವೇ ಪ್ರಾಣವಾಯುವನ್ನು ರಕ್ತಕ್ಕೆ ದೂಡುತ್ತದೆಂಬ ಅವರ ನಂಬಿಕೆ ಮುಂದೆ ಸುಳ್ಳಾಯಿತು. ಅವರ ಅಳತೆಗಳು ಮಾತ್ರ ನಿಂತವು.

ರಕ್ತವನ್ನು ಹೆಚ್ಚಿಸೆಂದು ಆಜ್ಞಾಪಿಸುವವರು ಯಾರು? ಜೀವಕೋಶಗಳೇ! ಪ್ರಾಣವಾಯು ಸಾಕಷ್ಟಿರುವಾಗ ಕೋಶವು ಒಂದು ವಿಶೇಷ ಪ್ರೋಟೀನನ್ನು ತಯಾರಾದಂತೆಲ್ಲ ನಾಶಗೊಳಿಸುತ್ತಿರುತ್ತದೆ. ಕೊರತೆಯಾದಾಗ ಆ ಪ್ರೋಟೀನು ಉಳಿದುಕೊಂಡು ಕೋಶದ ಕೇಂದ್ರವನ್ನು ಸೇರಿ, ಅಗತ್ಯವಾದ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಮೂತ್ರಪಿಂಡವು ಹಾರ್ಮೋನನ್ನು ಸ್ರವಿಸಿ ಕೆಂಪುಕಣಗಳನ್ನು ಹೆಚ್ಚಿಸುತ್ತದೆ. ಈ ರಹಸ್ಯವನ್ನು ಬಿಡಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅವರಲ್ಲಿ ರ‍್ಯಾಟ್‌ಕ್ಲಿಫ್ ಸಂಶೋಧನೆ ನಡೆಸಿದುದು ಹಾಲ್ಡೇನರ ಆಕ್ಸ್‌ಫರ್ಡಿನಲ್ಲಿಯೇ.

ಪರ್ಷಿಯಾದ ತೈಲ ಕಾರ್ಮಿಕರನ್ನು ಬಾಧಿಸುತ್ತಿದ್ದ ಉಷ್ಣಾಘಾತವನ್ನು ಪರಿಶೀಲಿಸಲು ಮುಪ್ಪಿನಲ್ಲಿಯೂ ಪ್ರಯಾಣ ಮಾಡಿದ ಹಾಲ್ಡೇನರು, ಮರಳಿದ ಸ್ವಲ್ಪ ಕಾಲದಲ್ಲಿಯೇ, 1936ರ ಮಾರ್ಚಿನಲ್ಲಿ ನಿಧನ ಹೊಂದಿದರು. ಬಾಲ್ಯದಲ್ಲಿ ತಂದೆಯೊಡನೆ ಗಣಿಗಿಳಿದಿದ್ದ ಪುತ್ರ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ಕಾಲವಾದರು. ಪರರಿಗೆ ಅಪಾಯವೆನಿಸಿದುದನ್ನು ಮೊದಲು ತಾನು ಸೇವಿಸಿ ನೋಡಿದ ತಂದೆಯ ಋಣವು ನೆಲದಡಿ ದುಡಿಯುವ ಪ್ರತಿಯೊಬ್ಬ ಶ್ರಮಜೀವಿಯ ಮೇಲೂ ಇದೆ.